ಕಬ್ಬಿಗೆ ಹೋಗಿ ಬಂದ ಮಕ್ಕಳನ್ನು ಎಲ್ಲಿಂದ ಶುರು ಮಾಡಿಸೋದು?

ದೀಪಾವಳಿ ಮುಗಿದ ವಾರಕ್ಕೆ ನನ್ನ ಕೋಣೆ ಅರ್ಧ ಖಾಲಿ ಆಗುತ್ತದೆ. ವಿಜಯಪುರ ಜಿಲ್ಲೆಯ ಒಂದು ತಾಂಡಾದ, ಅಂದರೆ ಲಂಬಾಣಿ ಜನರ ಊರಿನ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ನಾನು ನಲಿ-ಕಲಿ ಟೀಚರ್, ಅಂದರೆ ಕಾರ್ಡು, ಆಟ, ಹಾಡಿನಿಂದ ಕಲಿಸೋ ಪದ್ಧತಿಯವಳು. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಹತ್ತಿರ ಕೂರುತ್ತಾರೆ. ಅದೇ ಕಾಂಪೌಂಡಿನಲ್ಲಿ ಅಂಗನವಾಡಿ ಇದೆ. ಮುಂಗಡ ತಗೊಂಡ ಮನೆಯವರು ಗ್ಯಾಂಗ್ ಕಟ್ಟಿಕೊಂಡು ಮಹಾರಾಷ್ಟ್ರದ ಕಡೆ ಕಬ್ಬು ಕಡಿಯೋಕೆ ಹೊರಡುತ್ತಾರೆ, ಅಜ್ಜ ಅಜ್ಜಿ ಗಟ್ಟಿ ಇರುವ ಮನೆಯ ಮಕ್ಕಳು ಉಳಿಯುತ್ತಾರೆ, ಉಳಿದವರು ಅಪ್ಪ ಅಮ್ಮನ ಜೊತೆ ಟ್ರ್ಯಾಕ್ಟರ್ ಹತ್ತುತ್ತಾರೆ. ವಾಪಸ್ ಬರೋದು ಯುಗಾದಿ ಹೊತ್ತಿಗೆ. ಬಂದು ನಾಲ್ಕು ದಿನ ಆಗೋದರೊಳಗೆ ಬೇಸಿಗೆ ರಜೆ. ಅಂದರೆ ಈ ಮಕ್ಕಳಿಗೆ ಶಾಲೆ ಅಂತ ಸಿಗೋದು ಜೂನ್‌ನಿಂದ ದೀಪಾವಳಿವರೆಗೆ, ಅಷ್ಟೇ.

ಇಂಥ ಮಕ್ಕಳಿಗೆ ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ಬರೆಯುತ್ತಿದ್ದೇನೆ. ಒಬ್ಬ ಹುಡುಗಿಯ ಮೂರು ವರ್ಷ ಹೇಳಿದರೆ ಬಹುಪಾಲು ಹೇಳಿದ ಹಾಗೆ.

ಒಂದನೇ ತರಗತಿಗೆ ಬಂದಾಗ ಅವಳು ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಲಂಬಾಣಿ ಮಾತು, ಅವರು ಗೋರ್‌ಬೋಲಿ ಅನ್ನುತ್ತಾರೆ. ಆಗ ನನ್ನ ಕೋಣೆಯಲ್ಲಿ ಒಂದು ನಿಯಮ ಇತ್ತು, ಒಳಗೆ ಬಂದ ಮೇಲೆ ಕನ್ನಡದಲ್ಲೇ ಮಾತಾಡಬೇಕು. ಬೇಗ ಕಲಿಯಲಿ ಅಂತಲೇ ಮಾಡಿದ್ದೆ. ಒಂದು ದಿನ ಅವಳು ಕೂತಲ್ಲೇ ಒದ್ದೆ ಮಾಡಿಕೊಂಡಳು. ಒಂದಕ್ಕೆ ಹೋಗ್ಲಾ ಅಂತ ಕೇಳೋಕೆ ಅವಳಿಗೆ ಕನ್ನಡ ಗೊತ್ತಿರಲಿಲ್ಲ, ಲಂಬಾಣಿಯಲ್ಲಿ ಕೇಳೋಕೆ ನನ್ನ ನಿಯಮ ಬಿಟ್ಟಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಅಂಗನವಾಡಿ ಅಕ್ಕೋರ ಹತ್ತಿರ ಹೋದೆ. ಅವರು ಅದೇ ತಾಂಡಾದವರು, ಈ ಮಕ್ಕಳೆಲ್ಲ ಮೂರು ವರ್ಷದವರಿದ್ದಾಗಿನಿಂದ ಅವರ ಕೈಯಲ್ಲೇ ಬೆಳೆದವರು. ನನಗಿಂತ ಮೊದಲಿನ ಟೀಚರ್ ಅವರೇ ಅಲ್ವಾ, ಆದರೂ ಅಲ್ಲಿಯವರೆಗೆ ಹಾಜರಾತಿ ಲೆಕ್ಕ ಬಿಟ್ಟು ಬೇರೆ ಏನೂ ಅವರನ್ನು ಕೇಳಿರಲಿಲ್ಲ. ಸಂಜೆ ಸಂಜೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಲಂಬಾಣಿ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಯಾಡಿ ಅಂದರೆ ಅಮ್ಮ, ಪಾಣಿ ಅಂದರೆ ನೀರು, ಬಾಟಿ ಅಂದರೆ ರೊಟ್ಟಿ. ಮುಖ್ಯವಾಗಿ ಹಸಿವು, ನೋವು, ಒಂದಕ್ಕೆ, ಎರಡಕ್ಕೆ, ಯಾರೋ ಹೊಡೆದರು, ಮನೆಗೆ ಹೋಗಬೇಕು. ಮಗು ಮೊದಲು ಹೇಳಬೇಕಾಗಿರೋದು ಇವನ್ನೇ.

ಪಾಠದಲ್ಲೂ ಅವು ಕೆಲಸಕ್ಕೆ ಬಂದವು. ನಲಿ-ಕಲಿಯಲ್ಲಿ ಅಕ್ಷರ ಅ ಆ ಇ ಈ ಅಂತ ಶುರು ಆಗೋದಿಲ್ಲ, ರ ಗ ಸ ದ ಅ ಅಂತ ಶುರು. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಗರಗಸ ಓದಬಹುದು. ಎರಡನೇ ಗುಂಪಿನ 'ಬ' ಬಂದಾಗ ನಾನು ಬಾಟಿ ಅಂದೆ, ಮುಂದೆ 'ಯ' ಬಂದಾಗ ಯಾಡಿ ಅಂದೆ. ಬಾಯಲ್ಲಿ ಮಾತ್ರ, ಬರೆಸಲಿಲ್ಲ, ಕಾಗುಣಿತ ಇನ್ನೂ ಬಂದಿರೋದಿಲ್ಲವಲ್ಲ. ಯಾಡಿ ಅಂದ ದಿನ ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು, ಆಮೇಲೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಶಾಲೆಯಲ್ಲಿ ಅವಳು ಆಡಿದ ಮೊದಲ ಮಾತು ಅದು, ನನಗೆ ಕೇಳಿಸಲಿಲ್ಲ. ಕನ್ನಡ ಬರೋದು ಇದರಿಂದ ತಡ ಆಗುತ್ತದೆ ಅಂತ ಭಯ ಇತ್ತು. ಹಾಗೇನೂ ಆಗಲಿಲ್ಲ, ಬಾಯಿ ಬಿಟ್ಟ ಮೇಲೆ ಎರಡು ಭಾಷೆಯೂ ಬಂದವು.

ಆ ದೀಪಾವಳಿಗೆ ಅವಳೂ ಹೋದಳು. ಮುಂದಿನ ಜೂನ್‌ನಲ್ಲಿ ಬಂದಾಗ ನಾನು ಎರಡನೇ ತಪ್ಪು ಮಾಡಿದೆ. ಕಬ್ಬಿಗೆ ಹೋಗಿ ಬಂದವರನ್ನೆಲ್ಲ ಒಂದೇ ಗುಂಪು ಮಾಡಿ ರ ಗ ಸ ದಿಂದ ಮತ್ತೆ ಶುರು ಮಾಡಿಸಿದೆ. ಎಲ್ಲ ಮರೆತಿರುತ್ತಾರೆ ಅಂದುಕೊಂಡಿದ್ದೆ, ಒಟ್ಟಿಗೆ ಕೂರಿಸಿದರೆ ನನಗೂ ಸುಲಭ ಇತ್ತು. ಆದರೆ ಇಡೀ ನಲಿ-ಕಲಿ ಇರೋದೇ ಇದಕ್ಕೆ ಉಲ್ಟಾ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಟೀಚರ್‌ಗಳು ಕಟ್ಟಿದ್ದು ಇದು, ಆಮೇಲೆ 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ಇದರಲ್ಲಿ ಕಲಿಯೋದನ್ನೆಲ್ಲ ಚಿಕ್ಕ ಚಿಕ್ಕ ಮೆಟ್ಟಿಲು ಮಾಡಿ ಜೋಡಿಸಿದ ಕಲಿಕಾ ಏಣಿ ಇರುತ್ತದೆ, ಮೆಟ್ಟಿಲಿನ ಕೆಲಸ ಕಾರ್ಡಿನಲ್ಲಿರುತ್ತದೆ, ಪ್ರತಿ ಮಗುವಿಗೂ ಆ ಏಣಿಯ ಮೇಲೆ ಅದರದ್ದೇ ಮೆಟ್ಟಿಲು. ತಿಂಗಳುಗಟ್ಟಲೆ ಬಿಟ್ಟು ಬಂದರೂ ನಿಂತ ಮೆಟ್ಟಿಲಿನಿಂದಲೇ ಹತ್ತಬಹುದು. ತರಬೇತಿಯಲ್ಲಿ ಇದನ್ನು ಕೇಳಿದ್ದೆ, ಕೋಣೆಯಲ್ಲಿ ಮಾತ್ರ ಮಾಡಿರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ವಾಪಸ್ ಬಂದ ಮಗುವಿಗೆ ಎರಡು ದಿನ ಸುಮ್ನೆ ಆಟ, ಹಾಡು. ಮೂರನೇ ದಿನ ಅದು ಹೋಗೋ ಮೊದಲು ಮುಗಿಸಿದ ಕೊನೆಯ ಮೂರು ಕಾರ್ಡ್ ಕೊಡುತ್ತೇನೆ. ಎರಡು ಮಾಡಿದರೆ ಪ್ರಗತಿ ನೋಟದಲ್ಲಿ, ಅಂದರೆ ಯಾವ ಮಗು ಎಲ್ಲಿದೆ ಅಂತ ಗುರುತು ಹಾಕೋ ಪಟ್ಟಿಯಲ್ಲಿ, ಎಲ್ಲಿತ್ತೋ ಅಲ್ಲಿಂದಲೇ ಮುಂದೆ. ಆಗದಿದ್ದರೆ ಹಿಂದಿನ ಮೈಲಿಗಲ್ಲಿನವರೆಗೆ (ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು) ಮಾತ್ರ ಇಳಿಸುತ್ತೇನೆ, ಅದಕ್ಕಿಂತ ಕೆಳಗೆ ಯಾರನ್ನೂ ಇಳಿಸೋದಿಲ್ಲ. ಕನ್ನಡ, ಗಣಿತ ಬೇರೆ ಬೇರೆ ನೋಡುತ್ತೇನೆ. ಇದು ಆ ಹುಡುಗಿಯಿಂದಲೇ ಗೊತ್ತಾದದ್ದು. ಒಣಗಿದ ಜೋಳದ ದಂಟನ್ನು ತುಂಡು ಮಾಡಿ ಹತ್ತು ಹತ್ತರ ಕಟ್ಟು ಕಟ್ಟಿಸುತ್ತಿದ್ದೆ. ಉಳಿದ ಮಕ್ಕಳು ಒಂದೊಂದೇ ಎಣಿಸುತ್ತಿದ್ದರೆ ಅವಳು ನಾಲ್ಕು ಕಟ್ಟು, ಮೇಲೆ ಮೂರು ಅಂತ ನೋಡಿದ ತಕ್ಷಣ ನಲವತ್ಮೂರು ಅಂದಳು. ಅವರಪ್ಪ ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರ್‌ಗೆ ಹಾಕುವಾಗ ಲೆಕ್ಕ ಇಡುವ ಕೆಲಸ ಅವಳದ್ದಂತೆ. ಆಗ ಅವಳು 1ರಿಂದ 9 ಬರೆಯುವ ಕಾರ್ಡಿನಲ್ಲಿದ್ದಳು, ನಾನೇ ಕೂರಿಸಿದ್ದೆ. ಅವತ್ತೇ ಗಣಿತದಲ್ಲಿ ಮುಂದಕ್ಕೆ ಕಳಿಸಿದೆ.

ಹೋಗುವಾಗ ಕೈಯಲ್ಲಿ ಏನಾದರೂ ಕೊಡಬೇಕು. ಕಾರ್ಡ್ ಶಾಲೆಯದ್ದು, ಕೊಡೋಕೆ ಆಗೋದಿಲ್ಲ. ಅದಕ್ಕೆ ದಸರಾ ರಜೆಯಲ್ಲಿ ಒಂದೊಂದು ಮಗುವಿಗೆ ಒಂದೊಂದು ನೋಟ್‌ಬುಕ್ ಮಾಡುತ್ತೇನೆ, ಮುಂದಿನ ಇಪ್ಪತ್ತು ಮೆಟ್ಟಿಲು, ಪುಟಕ್ಕೆ ಒಂದು. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಬೆಳಗ್ಗೆ ಮಾಡಿ ಉಪಯೋಗ ಇಲ್ಲ, ಕತ್ತಲಿರುವಾಗಲೇ ಎದ್ದು ಹೊಲಕ್ಕೆ ಹೋಗಿರುತ್ತಾರೆ. ಎಲ್ಲರೂ ಎತ್ತೋದಿಲ್ಲ. ನೋಟ್‌ಬುಕ್ ಕಳೆದುಕೊಂಡವರೂ ಇದ್ದಾರೆ, ಒಲೆಗೆ ಹಾಕಿದವರೂ ಇದ್ದಾರೆ. ಆದರೂ ಶಾಲೆಯ ಅಕ್ಕೋರು ನೆನಪಿಟ್ಟು ಫೋನ್ ಮಾಡಿದರು ಅಂದರೆ ಜೂನ್‌ನಲ್ಲಿ ಆ ಮಗು ಬರುತ್ತದೆ.

ಜನವರಿಯಲ್ಲಿ ಕೋಣೆ ಖಾಲಿ ಖಾಲಿ ಇರುತ್ತದಲ್ಲ, ಆಗ ಶನಿವಾರ ಬೆಳಗ್ಗೆ ಅಂಗನವಾಡಿಯ ದೊಡ್ಡ ಮಕ್ಕಳನ್ನು ಕರೆದುಕೊಂಡು ಬರುತ್ತೇವೆ, ಜೂನ್‌ಗೆ ಒಂದನೇ ತರಗತಿಗೆ ಬರಬೇಕಾದವರನ್ನು. ನಲಿ-ಕಲಿಯಲ್ಲಿ ಒಂದೊಂದು ಗುಂಪಿಗೆ ಇಡುವ ತಟ್ಟೆ ಸುತ್ತ ಕೂರುತ್ತಾರೆ, ತಲೆ ಮೇಲಿನ ಹಗ್ಗದ ಚಪ್ಪರಕ್ಕೆ ಕಟ್ಟಿದ ಮಕ್ಕಳ ಚಿತ್ರ ನೋಡುತ್ತಾರೆ. ಜೂನ್ ಮೊದಲ ವಾರದ ಅಳು ಇದರಿಂದ ತುಂಬಾ ಕಡಿಮೆ ಆಯಿತು.

ಮೂರನೇ ವರ್ಷ ಆ ಹುಡುಗಿ ಆಗಾಗ ತಪ್ಪಿಸತೊಡಗಿದಳು. ಒಂದು ದಿನ ಬಂದಳು, ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮ. "ಅಕ್ಕೋರ, ಯಾಡಿ ಹೊಲಕ್ಕ ಹೋಗ್ಯಾಳ್ರಿ, ಇವನ್ನ ಎಲ್ಲಿ ಬಿಡ್ಲಿ?" ಮೊದಲು ಇಂಥವರನ್ನು ಮನೆಯಲ್ಲಿ ಬಿಟ್ಟು ಬಾ ಅಂತ ಕಳಿಸಿಬಿಡುತ್ತಿದ್ದೆ. ಕಳಿಸಿದವರು ಅವತ್ತು ವಾಪಸ್ ಬರುತ್ತಿರಲಿಲ್ಲ. ಹೆಣ್ಣುಮಕ್ಕಳು ಶಾಲೆ ಬಿಡೋದು ಒಂದೇ ಸಲಕ್ಕಲ್ಲ, ಹೀಗೆ ದಿನ ದಿನಕ್ಕೆ.

ಅಂಗನವಾಡಿಯಲ್ಲಿ ಕೂರಿಸಿಕೊಂಡು ಕಲಿಸೋದು 3ರಿಂದ 6 ವರ್ಷದವರಿಗೆ. 3 ವರ್ಷದೊಳಗಿನವರಿಗೆ ಅಂತ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' 2023ರಲ್ಲಿ ಶುರುವಾಯಿತು, ಒಳ್ಳೆಯ ಯೋಜನೆ, ಆದರೆ ನಮ್ಮದು ಪಂಚಾಯಿತಿ ಊರಿನಲ್ಲಿದೆ, ತಾಂಡಾದಿಂದ ಎರಡು ಕಿಲೋಮೀಟರ್. ಎಂಟು ವರ್ಷದ ಹುಡುಗಿ ಕೂಸನ್ನು ಹೊತ್ತು ಅಲ್ಲಿಗೆ ಹೋಗಿ ಬರೋಕೆ ಆಗುತ್ತದಾ? ಅಂಗನವಾಡಿ ಅಕ್ಕೋರು ಮತ್ತು ಆಯಾ ಮಾತಾಡಿಕೊಂಡು ಬೆಳಗಿನ ಹೊತ್ತು ಅವನನ್ನು ತಾವೇ ಇಟ್ಟುಕೊಂಡರು. ಅಲ್ಲಿ ಜಾಸ್ತಿ ಅತ್ತರೆ ನನ್ನ ಕೋಣೆಗೆ ಬರುತ್ತಾನೆ, ಅಕ್ಕನ ಪಕ್ಕ ಚಾಪೆ ಮೇಲೆ ಎಣಿಸೋಕೆ ಇಟ್ಟ ಹುಣಸೆ ಬೀಜ ಮಾತ್ರ ಸಿಗದ ಹಾಗೆ ಕೂರಿಸುತ್ತೇವೆ, ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಯಮದಲ್ಲಿ ಇದಕ್ಕೆ ಜಾಗ ಇಲ್ಲ ಅಂತ ಗೊತ್ತು. ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಆಮೇಲೆ ದೀಪಾವಳಿವರೆಗೆ ಎರಡೇ ಗೈರುಹಾಜರಿ.

ಈ ಸಲ ಅವಳ ಮನೆಯವರು ಕಬ್ಬಿಗೆ ಹೊರಟಾಗ ಅವಳೂ ತಮ್ಮನೂ ಅಜ್ಜಿಯ ಹತ್ತಿರ ಉಳಿದರು. "ಕೂಸು ಅಂಗನವಾಡಿಗೆ ಹೋಗ್ತೈತಿ, ಒಬ್ಬಾಕಿಗೆ ಅಡಿಗಿ ಅಷ್ಟ ಅಲ್ರಿ, ನಾ ನೋಡ್ಕೋತೀನಿ" ಅಂದಳು ಅಜ್ಜಿ. ಅವಳ ಹೆಸರಿನ ನೋಟ್‌ಬುಕ್ ಮಾಡಿಟ್ಟಿದ್ದೆ, ಅದು ನನ್ನ ಬೀರುವಿನಲ್ಲೇ ಇದೆ.