ಲಾಗಿನ್ ಕೇಳದೆ ಕೆರೆ ವಿಕಿ ನಡೆಸಿದ ನನ್ನ ಅನುಭವ

ಲಾಗಿನ್ ಕಡ್ಡಾಯ ಮಾಡದಿದ್ರೆ ಮೂರೇ ತಿಂಗಳಿಗೆ ಬಾಗಿಲು ಹಾಕ್ತೀಯ ಅಂದಿದ್ರು, ಎರಡು ವರ್ಷದ ಮೇಲಾಯ್ತು, ಚೆನ್ನಾಗೇ ನಡೀತಿದೆ, ಅದಕ್ಕೇ ಬರೀತಿದೀನಿ. ನಮ್ದು ಕೋಲಾರದ ಕಡೆ. ವಿಕಿಪೀಡಿಯ ನಡೆಯೋ ಮೀಡಿಯಾವಿಕಿ ಸಾಫ್ಟ್‌ವೇರೇ ಹಾಕ್ಕೊಂಡು ತಾಲೂಕಿನ ಕೆರೆಗಳದ್ದೆಲ್ಲಾ ಸೇರಿಸ್ತಿದೀವಿ, ತೂಬು, ಕೋಡಿ, ರಾಜಕಾಲುವೆ, ಸರ್ವೆ ನಂಬರು, ಎಲ್ಲೆಲ್ಲಿ ಒತ್ತುವರಿ ಆಗಿದೆ. ಒತ್ತುವರಿ ಅಂತ ಬರೆಯೋನ ಹೊಲ ಒತ್ತುವರಿ ಮಾಡಿದೋನ ಹೊಲದ ಪಕ್ಕದಲ್ಲೇ ಇರುತ್ತೆ. ಹೆಸರು ಕೇಳಿದ್ರೆ ಯಾರು ಬರೀತಾರೆ?

ಮೊದಲ ತಿಂಗಳು ಪೂರ್ತಿ ಓಪನ್ ಬಿಟ್ಟೆ. ಜಾತಿ ಹಿಡಿದು ಬೈಗುಳ, ಯಾರದೋ ಮನೆ ಹೆಣ್ಮಕ್ಕಳ ಫೋನ್ ನಂಬರು, ಬೆಳಗ್ಗೆ ಎದ್ರೆ ರೋಲ್‌ಬ್ಯಾಕ್ ಮಾಡಿ ಹಳೇದು ವಾಪಸ್ ತರೋದೇ ಕೆಲಸ. ಮೊಬೈಲ್ ನೆಟ್‌ವರ್ಕಲ್ಲಿ ಒಂದು ಐಪಿ (ಇಂಟರ್ನೆಟ್ ವಿಳಾಸ) ಹಿಂದೆ ನೂರಾರು ಜನ ಇರ್ತಾರೆ ಅಂತ ಗೊತ್ತಿದ್ದೂ ಸಿಟ್ಟಲ್ಲಿ ಒಂದಷ್ಟು ಐಪಿಗಳನ್ನ ಒಟ್ಟಿಗೇ ತಡೆಯೋ ರೇಂಜ್ ಬ್ಲಾಕ್ ಹಾಕ್ಬಿಟ್ಟೆ, ನಮ್ಮ ಮಾವನೇ ಫೋನ್ ಮಾಡಿ "ಯಾಕಪ್ಪ, ನಾನೇನು ಬರೆದೆ ಅಂತ ಬ್ಲಾಕು" ಅಂದ್ರು. 2007ರ ಹೊಸ ವರ್ಷದ ಹೊತ್ತಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಐಪಿ ಬ್ಲಾಕ್ ಮಾಡಿದ್ದಕ್ಕೆ ಕತಾರ್ ದೇಶಕ್ಕೇ ಬಿಸಿ ತಟ್ಟಿತ್ತಲ್ಲ, ಹಾಗಾಯ್ತು.

ಆಮೇಲೆ ಫೋನಿಗೆ ಬಂದ ಓಟಿಪಿ ಹಾಕಿದ್ರೇ ಬರೆಯೋಕೆ ಬಿಡೋ ಹಾಗೆ ಮಾಡ್ದೆ. ಡಿಎಲ್‌ಟಿ ಅಂತ ಎಸ್ಸೆಮ್ಮೆಸ್ ಕಳಿಸೋರು ಮಾಡಿಸಬೇಕಾದ ರಿಜಿಸ್ಟ್ರೇಷನ್ನು, ಟೆಂಪ್ಲೇಟು, ಎಸ್ಸೆಮ್ಮೆಸ್ ಪ್ಯಾಕು ಎಲ್ಲಾ ಸೇರಿ ಏಳೆಂಟು ಸಾವಿರ ನೀರಿಗೆ ಹಾಕ್ದಂಗಾಯ್ತು. ಬೈಯೋರು ನಿಂತ್ರು ನಿಜ, ಆದ್ರೆ ವಾರಕ್ಕೆ 40ರ ಹತ್ರ ಬರ್ತಿದ್ದ ಒಳ್ಳೆ ಎಡಿಟು ನಾಲ್ಕೈದಕ್ಕೆ ಇಳೀತು, ಒತ್ತುವರಿ ಬಗ್ಗೆ ಒಂದೂ ಇಲ್ಲ. ಪೋರ್ಚುಗೀಸ್ ವಿಕಿಪೀಡಿಯ 2020ರಲ್ಲೇ ಐಪಿ ಎಡಿಟಿಂಗ್ ನಿಲ್ಲಿಸಿದೆ, ನೀನೂ ನಿಲ್ಲಿಸು ಅಂತ ಬೆಂಗಳೂರಿನ ಗೆಳೆಯರು ಹೇಳ್ತಾನೇ ಇದ್ರು. ಆ ಗೆಳೆಯರು ಬರೆಯೋದು ಸಿನಿಮಾ ಬಗ್ಗೆ, ಕ್ರಿಕೆಟ್ ಬಗ್ಗೆ, ಅದಕ್ಕೆ ಯಾರೂ ಮನೆ ಹತ್ರ ಬಂದು ಕೇಳಲ್ಲ.

ಇನ್ನೊಂದು ತಪ್ಪು ತಡವಾಗಿ ತಲೆಗೆ ಹೋಯ್ತು. ಲಾಗಿನ್ ಇಲ್ದೆ ಬರೆದ್ರೆ ಹಿಸ್ಟರಿಯಲ್ಲಿ ಐಪಿ ಎಲ್ಲರಿಗೂ ಕಾಣುತ್ತೆ, ಅಂದ್ರೆ ಅನಾಮಿಕ ಅಂತ ನಂಬಿ ಬರೆದೋನೇ ಎಲ್ಲರಿಗಿಂತ ಬಯಲಲ್ಲಿ ನಿಂತಿರ್ತಾನೆ. ಈಗ ತಾತ್ಕಾಲಿಕ ಅಕೌಂಟ್ ಸೆಟ್ಟಿಂಗ್ ಆನ್ ಮಾಡಿದೀನಿ, ಐಪಿ ಬದಲು ಒಂದು ನಂಬರ್ ಹೆಸರು ಬೀಳುತ್ತೆ. ಐಪಿ ನೋಡೋ ಹಕ್ಕು ಇರೋದು ನಂಗೆ, ಇನ್ನೊಬ್ಬರಿಗೆ. ನಾನು ನೋಡಿದ್ರೆ ಚೆಕ್‌ಯೂಸರ್ ಅನ್ನೋ ಎಕ್ಸ್‌ಟೆನ್ಷನ್ನು ಅದನ್ನ ಲಾಗಲ್ಲಿ ಬರೆದಿಡುತ್ತೆ, ಯಾಕೆ ನೋಡ್ದೆ ಅಂತ ಅವರು ಕೇಳ್ತಾರೆ.

ಕೊನೆಗೆ ಕೈ ಹಿಡಿದಿದ್ದು ಕ್ಯೂ. ಯಾರು ಬೇಕಾದ್ರೂ ಬರೀಲಿ, ಹೊಸಬರದ್ದು ನಾವು ಮೂರು ಜನರಲ್ಲಿ ಒಬ್ರು ಓದಿದ ಮೇಲೇ ಹೊರಗೆ. ಬೈದಿದ್ದು ತಕ್ಷಣ ಕಾಣಲ್ಲ ಅಂದ್ರೆ ಬೈಯೋನಿಗೆ ಹುರುಪೇ ಇರಲ್ಲ, ಎರಡು ವಾರದಲ್ಲಿ ಮುಕ್ಕಾಲು ಪಾಲು ತಣ್ಣಗಾಯ್ತು. ಕ್ಯಾಪ್ಚಾಗೆ ನಮ್ಮದೇ ಪ್ರಶ್ನೆ, ಕೆರೆ ತುಂಬಿದ್ರೆ ನೀರು ಎಲ್ಲಿಂದ ಹರಿದು ಹೋಗುತ್ತೆ ಅಂತ, ಕೋಡಿ ಅಂತ ಬರೀಬೇಕು, ಸ್ಪ್ಯಾಮ್ ಬಾಟು ಅಲ್ಲಿಗೇ ಖಲಾಸ್. ಬೇಡದ ಎಡಿಟನ್ನ ತಾನೇ ತಡೆಯೋ ಅಬ್ಯೂಸ್‌ಫಿಲ್ಟರಲ್ಲಿ ಹತ್ತಂಕಿ ನಂಬರ್ ತಡೆದ್ರೆ ಕನ್ನಡ ಅಂಕಿಯಲ್ಲಿ ಹಾಕಿದ್ರು, ಬೈಗುಳ ತಡೆದ್ರೆ ಅಕ್ಷರದ ಮಧ್ಯೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ಕ್ಯಾರೆಕ್ಟರ್ ತುರುಕಿದ್ರು, ಅದನ್ನ ಮೊದಲು ಕಿತ್ತು ಆಮೇಲೆ ಹೊಂದಿಸಿ ನೋಡಿ. ಇನ್ನೆರಡು ಫಿಲ್ಟರ್ ಇದಾವೆ, ಅವು ಪ್ರೈವೇಟು, ಇಲ್ಲಿ ಹೇಳಲ್ಲ. ಸರ್ವರಿಗೆ ತಿಂಗಳಿಗೆ ಐನೂರು ಚಿಲ್ಲರೆ, ಓಟಿಪಿಗೆ ಸುರಿದ ದುಡ್ಡಲ್ಲಿ ಒಂದು ವರ್ಷ ಆರಾಮಾಗಿ ನಡೀತಿತ್ತು.

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಕ್ಯೂಗೆ ಒಂದು ಫೋಟೋ ಬಂತು. ಕಾಲುವೆ ಅಂಚಲ್ಲಿದ್ದ ಬಾಂದು ಕಲ್ಲು ಕಿತ್ತು ಮಲಗಿಸಿದಾರೆ, ಬುಡದ ಮಣ್ಣು ಇನ್ನೂ ಹಸಿ. ಮೂಲೇಲಿ ಒಂದು ಬೈಕಿನ ಹಿಂದಿನ ಚಕ್ರ, ನಂಬರ್ ಪ್ಲೇಟಿನ ಕೊನೇ ಎರಡಂಕಿ. ಫೈಲೊಳಗೆ ಜಿಪಿಎಸ್ಸು, ಫೋನ್ ಮಾಡೆಲ್ಲು ಎಲ್ಲಾ ಹಾಗೇ ಇತ್ತು. ಹಂಗೇ ಹೊರಗೆ ಬಿದ್ದಿದ್ರೆ ಬೆಳಗ್ಗೆ ಟೀ ಅಂಗಡಿ ತೆಗೆಯೋ ಹೊತ್ತಿಗೆ ಯಾರ ಗಾಡಿ ಅಂತ ಊರಿಗೆಲ್ಲಾ ಗೊತ್ತಾಗ್ತಿತ್ತು. ಮೂಲೆ ಕತ್ತರಿಸಿ, ಫೈಲೊಳಗಿನ ಆ ಮಾಹಿತಿ (ಎಕ್ಸಿಫ್) ತೆಗೆದು, ಸರ್ವೆ ನಂಬರ್ ಪಹಣಿ ಜತೆ ತಾಳೆ ನೋಡಿ ಮೂರನೇ ದಿನ ಬಿಟ್ಟೆ. ಸರ್ವೆಯರ್ ಬಂದು ಅಳತೆ ಮಾಡ್ಕೊಂಡು ಹೋಗಿದಾರೆ, ಕಲ್ಲು ಇನ್ನೂ ನೆಟ್ಟಿಲ್ಲ. ಕಳಿಸಿದ್ದು ಯಾರು ಅಂತ ನಂಗೂ ಗೊತ್ತಿಲ್ಲ, ಐಪಿ ತೆಗೆದು ನೋಡೋಕೂ ಹೋಗಿಲ್ಲ.