ವಿಂಡೋಸ್ 11 ಬೇಡ ಅಂದರೂ ಬಿಡುತ್ತಿಲ್ಲವಾ? ಹೀಗೆ ಮಾಡಿ

ವಿಂಡೋಸ್ 10 ಇಟ್ಟುಕೊಂಡು ನೆಮ್ಮದಿಯಾಗಿರುವವರಿಗೆ ಈ ಕಾಟ ಗೊತ್ತೇ ಇರುತ್ತದೆ. ಅರ್ಜೆಂಟ್ ಕೆಲಸ ಅಂತ ಕಂಪ್ಯೂಟರ್ ಆನ್ ಮಾಡಿದರೆ ಪರದೆ ತುಂಬ ವಿಂಡೋಸ್ 11ರ ಜಾಹೀರಾತು, ಒಪ್ಪಿಕೊಳ್ಳುವ ಬಟನ್ ಎದ್ದು ಕಾಣುವ ಹಾಗೆ, ಬೇಡ ಅನ್ನುವುದು ಮಾತ್ರ ಹುಡುಕಬೇಕು.

ಮೊದಲು ಸುಲಭದ್ದು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಸ್ಟೇ ಆನ್ ವಿಂಡೋಸ್ 10 ಫಾರ್ ನೌ' ಅಂತ ಲಿಂಕ್ ಕಂಡರೆ ಒತ್ತಿ. ಸದ್ಯಕ್ಕೆ ಸುಮ್ಮನಾಗುತ್ತದೆ, ಆಮೇಲೆ ಮತ್ತೆ ವಕ್ಕರಿಸಬಹುದು. ಹಾಗೇ ಸಿಸ್ಟಮ್, ನೋಟಿಫಿಕೇಶನ್ಸ್‌ಗೆ ಹೋಗಿ 'ವೆಲ್ಕಮ್ ಎಕ್ಸ್‌ಪೀರಿಯನ್ಸ್', 'ಸಜೆಸ್ಟ್ ವೇಸ್', 'ಟಿಪ್ಸ್, ಟ್ರಿಕ್ಸ್' ಅನ್ನುವ ಮೂರರ ಟಿಕ್ ತೆಗೆಯಿರಿ.

ಗಟ್ಟಿ ಬೀಗ ಇರುವುದು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಜಾಗದಲ್ಲಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, 'ರೆಜ್‌ಎಡಿಟ್' (regedit) ಅಂತ ಹೊಡೆಯಿರಿ. ಏನನ್ನೂ ಮುಟ್ಟುವ ಮೊದಲು ಫೈಲ್ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿ ಒಂದು ಕಾಪಿ ಇಟ್ಟುಕೊಳ್ಳಿ, ಆಮೇಲೆ ತಲೆನೋವು ಬೇಡ ಅಲ್ವಾ? ಈಗ 'ಹೆಚ್‌ಕೀ ಲೋಕಲ್ ಮಷೀನ್' ತೆರೆದು ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್ ಹೀಗೆ ಒಂದೊಂದಾಗಿ ಒಳಗೆ ಇಳಿಯಿರಿ. ಅಲ್ಲಿ 'ವಿಂಡೋಸ್‌ಅಪ್‌ಡೇಟ್' ಕೀ (ಇಲ್ಲಿ ಕೀ ಅಂದರೆ ಫೋಲ್ಡರ್ ಥರದ್ದು) ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ. ಅದರೊಳಗೆ ಮೂರು ವ್ಯಾಲ್ಯೂ ಬೇಕು. 'ಟಾರ್ಗೆಟ್‌ರಿಲೀಸ್‌ವರ್ಷನ್' 32 ಬಿಟ್‌ನ ಡಿವರ್ಡ್ (ಅಂಕಿ ಹಾಕುವ ಬಗೆ), ಅದಕ್ಕೆ 1 ಕೊಡಿ. 'ಟಾರ್ಗೆಟ್‌ರಿಲೀಸ್‌ವರ್ಷನ್‌ಇನ್ಫೋ' ಸ್ಟ್ರಿಂಗ್ (ಅಕ್ಷರ ಬರೆಯುವ ಬಗೆ), ಅದಕ್ಕೆ 22ಹೆಚ್2, ಅಂದರೆ ವಿಂಡೋಸ್ 10ರ ಕೊನೆಯ ಆವೃತ್ತಿ. 'ಪ್ರಾಡಕ್ಟ್‌ವರ್ಷನ್' ಕೂಡ ಸ್ಟ್ರಿಂಗೇ, ಅದಕ್ಕೆ 'ವಿಂಡೋಸ್ 10'. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ವ್ಯಾಲ್ಯೂ ಹೆಸರುಗಳ ನಡುವೆ ಜಾಗ ಬಿಡಬಾರದು. ರೀಸ್ಟಾರ್ಟ್ ಮಾಡಿ.

ಇದಾದ ಮೇಲೆ ಅಪ್‌ಡೇಟ್ ಪುಟದಲ್ಲಿ ಕೆಲವು ಸೆಟ್ಟಿಂಗ್ ನಿಮ್ಮ ಸಂಸ್ಥೆಯ ಕೈಯಲ್ಲಿದೆ ಅನ್ನುವ ಅರ್ಥದ ಸಾಲು ಕಾಣಿಸಬಹುದು. ಹೆದರಬೇಡಿ, ಆ ಸಂಸ್ಥೆ ನೀವೇ! ಪ್ರೊ ಆವೃತ್ತಿ ಇದ್ದವರಿಗೆ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ 'ಸೆಲೆಕ್ಟ್ ದಿ ಟಾರ್ಗೆಟ್ ಫೀಚರ್ ಅಪ್‌ಡೇಟ್ ವರ್ಷನ್' ಅಂತಲೇ ಇದೆ, ಇಷ್ಟು ಸರ್ಕಸ್ ಬೇಕಿಲ್ಲ.

ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ ಟಿಪಿಎಂ, ಅಂದರೆ 11ಕ್ಕೆ ಬೇಕೇ ಬೇಕಾದ ಭದ್ರತಾ ಚಿಪ್, ಆಫ್ ಮಾಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ಆಗ ಕಂಪ್ಯೂಟರ್ 11ಕ್ಕೆ ಅರ್ಹವೇ ಅಲ್ಲ ಅಂತಾಗುತ್ತದೆ, ನಿಜ. ಆದರೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಮುಂದಿನ ಸಲ ರಿಕವರಿ ಕೀ ಕೇಳಿಕೊಂಡು ಕೂರುತ್ತದೆ. ನನ್ನ ಪ್ರಕಾರ ಆ ಗೋಜು ಬೇಡ.

ಅಪ್‌ಡೇಟ್ ಸರ್ವಿಸನ್ನೇ ನಿಲ್ಲಿಸುವುದಂತೂ ಬೇಡವೇ ಬೇಡ. ಸೆಕ್ಯುರಿಟಿ ಪ್ಯಾಚ್ ಬರುವುದೂ ಅದೇ ದಾರಿಯಲ್ಲಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ಉಳಿಯುವುದಾದರೆ ಇಎಸ್‌ಯು ಅನ್ನುವ ಹೆಚ್ಚುವರಿ ಪ್ಯಾಚ್ ಯೋಜನೆಗೆ ಸೇರಿಕೊಳ್ಳಿ, ಮನೆ ಬಳಕೆಯವರಿಗೆ ಅದು 2026ರ ಅಕ್ಟೋಬರ್ 13ರವರೆಗೆ. ಸೇರುವ ಲಿಂಕ್ ಅಪ್‌ಡೇಟ್ ಪುಟದಲ್ಲೇ ಇರುತ್ತದೆ, ಮೈಕ್ರೋಸಾಫ್ಟ್ ಅಕೌಂಟ್ ಬೇಕಾಗುತ್ತದೆ.

ಮುಂದೆ ಮನಸ್ಸು ಬದಲಾಯಿಸಿ 11ಕ್ಕೇ ಹೋಗೋಣ ಅನ್ನಿಸಿದರೆ ಆ ಮೂರು ವ್ಯಾಲ್ಯೂ ಡಿಲೀಟ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸಾಕು.