ಎರಡನೇ ಐತವಾರದ ಲೆಕ್ಕ

ಬರೆಯುವ ಹೆಣ್ಣುಮಕ್ಕಳು ನಾಲ್ಕು ಜನ ಕೂತರೆ ಮಾತು ಬೇಗ ಸಂಕಟಕ್ಕೆ ಇಳಿಯುತ್ತದೆ. ಕಥೆ ವಾಪಸ್ ಬಂತು, ಪುಸ್ತಕ ಯಾರೂ ಕೇಳಲಿಲ್ಲ, ಮನೆಯಲ್ಲಿ ಒಬ್ಬರೂ ಓದುವುದಿಲ್ಲ. ಕಲಬುರಗಿಯಲ್ಲಿ ನಾವು ಏಳು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಮೊದಮೊದಲು ನಮ್ಮ ಕೂಟವೂ ಹೀಗೇ ಇತ್ತು. ಮನಸ್ಸು ಹಗುರಾಗುತ್ತಿತ್ತು, ಬರವಣಿಗೆ ಮಾತ್ರ ಇದ್ದಲ್ಲೇ ಇರುತ್ತಿತ್ತು. ಆಮೇಲೆ ಒಂದು ಕಟ್ಟುಪಾಡು ಹಾಕಿಕೊಂಡೆವು: ಸಂಕಟ ಹೇಳುವವರು ಅದರ ಜೊತೆ ಒಂದು ತಾರೀಖು, ಒಂದು ಮೊತ್ತ ಇಲ್ಲವೇ ಒಂದು ಸಾಲು ತರಬೇಕು. ‘ಕಥೆ ವಾಪಸ್ ಬಂತು’ ಅಂದರೆ ಸಾಲದು. ಯಾವತ್ತು ಕಳಿಸಿದ್ದು, ಎಷ್ಟು ಪದದ್ದು, ಉತ್ತರದಲ್ಲಿ ಏನಿತ್ತು. ಇಷ್ಟು ತಿಳಿದರೆ ಪಕ್ಕದಲ್ಲಿ ಕೂತವರ ಕೈಯಲ್ಲೂ ಏನಾದರೂ ಆಗುತ್ತದೆ.

ಸೇರುವುದು ಎರಡನೇ ಐತವಾರ, ಬೆಳಿಗ್ಗೆ 11ರಿಂದ 1:30. ಆಳಂದ, ಸೇಡಂ, ಚಿತ್ತಾಪುರದಿಂದ ಬರುವವರು ರೊಟ್ಟಿ ಬಡಿದಿಟ್ಟು ಬಸ್ ಹತ್ತಿ, ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಬೇಕು. ಸಂಜೆಯ ಕೂಟಕ್ಕೆ ಊರೊಳಗಿನವರು ಮಾತ್ರ ಬರುತ್ತಾರೆ. ಎಳ್ಳ ಅಮಾವಾಸ್ಯೆಯ ವಾರ ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಹೊಲದಲ್ಲಿರುತ್ತಾರೆ. ಯಾರದಾದರೂ ಮನೆಯಲ್ಲಿ ಸೇರಿದರೆ ಆ ಮನೆಯಾಕೆ ಚಹಾ, ಸೂಸಲಾ ಅಂತ ಒಳಗೇ ಉಳಿದುಬಿಡುತ್ತಾಳೆ, ಅವಳ ಕಥೆಯ ಮೇಲೆ ನಡೆದ ಮಾತು ಅವಳಿಗೇ ಕೇಳುವುದಿಲ್ಲ. ಹಾಗಾಗಿ ಶಾಲೆಯ ಒಂದು ಕೋಣೆ ಕೇಳಿಕೊಂಡಿದ್ದೇವೆ. ಅದು ಸಿಗದ ತಿಂಗಳು ಮನೆಯಲ್ಲೇ, ಆದರೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಬರಬೇಕು.

ಒಂದು ಸಲಕ್ಕೆ ಎರಡೇ ಕಥೆ. 2,500 ಪದದ ಕಥೆ ಗಟ್ಟಿಯಾಗಿ ಓದಲು ಸುಮಾರು 25 ನಿಮಿಷ ಬೇಕು. ಬರೆದಾಕೆಯನ್ನು ಬಿಟ್ಟು ಉಳಿದ ಆರು ಜನ ತಲಾ 4 ನಿಮಿಷ ಮಾತಾಡಿದರೆ 24. ಎರಡು ಕಥೆಗೆ 98 ನಿಮಿಷವಾಯಿತು. ಅದಕ್ಕೂ ಮುಂಚೆ ಒಬ್ಬೊಬ್ಬರ ತಿಂಗಳ ಬರವಣಿಗೆಯ ಲೆಕ್ಕಕ್ಕೆ 15 ನಿಮಿಷ, ಉಳಿದದ್ದು ಬುತ್ತಿಗೆ ಮತ್ತು ಕಾಗದಪತ್ರಕ್ಕೆ. ಮೂರನೇ ಕಥೆ ತುರುಕಿದ ದಿನವೆಲ್ಲ ಕೊನೆಯ ಕಥೆಗೆ ‘ಚಂದ ಅದ’ ಎನ್ನುವ ಎರಡೇ ಪದ ಸಿಕ್ಕಿವೆ. ಅದನ್ನು ಬರೆದಾಕೆ ಎರಡು ತಿಂಗಳು ಕಾದು ಬಂದಿರುತ್ತಾಳೆ.

ಕಥೆಯನ್ನು ಬರೆದಾಕೆ ಓದಬಾರದು, ಬೇರೊಬ್ಬಳು ಓದಬೇಕು. ನಮ್ಮ ಕೂಟದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ನಿಯಮ ಇದೇ. ತನ್ನ ಕಥೆಯನ್ನು ತಾನೇ ಓದುವವಳು ಬಿಟ್ಟುಹೋದದ್ದನ್ನು ದನಿಯಲ್ಲೇ ತುಂಬಿಕೊಂಡುಬಿಡುತ್ತಾಳೆ. ಬೇರೆಯವಳಿಗೆ ಕಾಗದದ ಮೇಲೆ ಇದ್ದಷ್ಟೇ ಗತಿ. ಅವಳು ಎಲ್ಲಿ ತಡವರಿಸುತ್ತಾಳೋ, ಎಲ್ಲಿ ಹಿಂದಿನ ಸಾಲಿಗೆ ಮರಳುತ್ತಾಳೋ ಅಲ್ಲಿ ಬರೆದಾಕೆ ಸುಮ್ಮನೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಬೇಕು. ಆಗ ಬಾಯಿ ತೆರೆಯುವಂತಿಲ್ಲ. ‘ಅವಳು ಅತೀವ ದುಃಖದಿಂದ ಕಣ್ಣೀರು ಸುರಿಸುತ್ತಾ ರೊಟ್ಟಿ ಬಡಿಯತೊಡಗಿದಳು’ ಎಂಬಂಥ ಸಾಲನ್ನು ಕಣ್ಣಿನಲ್ಲಿ ಓದಿದರೆ ಏನೂ ಅನ್ನಿಸುವುದಿಲ್ಲ, ಬಾಯಿಬಿಟ್ಟು ಓದುವಾಗ ‘ಸುರಿಸುತ್ತಾ’ದ ಹತ್ತಿರ ಉಸಿರು ಸಿಕ್ಕಿಕೊಳ್ಳುತ್ತದೆ. ಅಳುವ ಕೆಲಸ, ಬಡಿಯುವ ಕೆಲಸ ಎರಡನ್ನೂ ಒಂದೇ ಸಾಲಿಗೆ ಹೊರಿಸಿದ್ದೇವೆ, ಅದಕ್ಕೆ. ತಿದ್ದಿದ ಮೇಲೆ ಅದು ಹೀಗಾಗಬಹುದು: ‘ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಪಡಸಾಲೆಯಿಂದ ಅತ್ತೆ ಕೇಳಿದಳು, ಹಂಚು ಖಾಲಿ ಕಾಯ್ಲತ್ತದೇನ?’ ದುಃಖ ಎಂಬ ಪದ ಹೋಯಿತು, ದುಃಖ ಉಳಿಯಿತು.

ಮಾತಾಡುವವರು ಮೊದಲು ಹೇಳಬೇಕಾದದ್ದು ಕಥೆಯಲ್ಲಿ ಏನು ನೆನಪುಳಿಯಿತು ಎಂಬುದು. ಆಮೇಲೆ ಎಲ್ಲಿ ದಾರಿ ತಪ್ಪಿತು ಎಂಬುದನ್ನು ಪುಟ, ಸಾಲಿನ ಸಮೇತ ಹೇಳಬೇಕು. ಕೇಳಲೇಬಾರದ ಪ್ರಶ್ನೆ ಒಂದುಂಟು: ‘ಇದು ನಿಮ್ಮ ಮನಿದೇನ್ರಿ?’ ಗಂಡಸು ಬರೆದ ಕಥೆಗೆ ಯಾರೂ ಕೇಳದ ಈ ಪ್ರಶ್ನೆಯನ್ನು ಹೆಣ್ಣುಮಗಳು ಊರತುಂಬ ಎದುರಿಸಿರುತ್ತಾಳೆ. ಇಲ್ಲಿಯೂ ಅದೇ ಆದರೆ ಮುಂದಿನ ಕಥೆಯಲ್ಲಿ ಆಕೆ ಹೆದರಿ ಬರೆಯುತ್ತಾಳೆ, ಆ ಹೆದರಿಕೆ ಸಾಲುಸಾಲಿನಲ್ಲೂ ಕಾಣುತ್ತದೆ.

ಆದರೂ ಕಂಡವರನ್ನು, ಕೇಳಿದ್ದನ್ನೇ ಬರೆಯುತ್ತೇವೆ, ಹಾಗಾಗಿ ಗುರುತು ಮರೆಸುವ ಕೆಲಸ ಕಲಿಯಲೇಬೇಕು. ಹೆಸರು ಬದಲಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಊರು, ಕಸುಬು, ಮಕ್ಕಳ ಸಂಖ್ಯೆ ಮೂರನ್ನೂ ಬದಲಿಸಬೇಕು. ಕಿರಾಣಿ ಅಂಗಡಿಯವನನ್ನು ಬಸ್ ಕಂಡಕ್ಟರ್ ಮಾಡಿದ ಕೂಡಲೇ ಅವನು ಮನೆಗೆ ಬರುವ ಹೊತ್ತು, ಕೈಯಲ್ಲಿನ ಚಿಲ್ಲರೆ, ಮೈಯ ವಾಸನೆ ಎಲ್ಲ ಬದಲಾಗುತ್ತವೆ, ಕಥೆಯೂ ತನ್ನದೇ ದಾರಿ ಹಿಡಿಯುತ್ತದೆ. ಇಷ್ಟಾದರೂ ಸಿಕ್ಕಿಬೀಳುವುದು ಮಾತಿನ ಚಟದಿಂದ. ‘ನಂಗೇನ್ ತಿಳಿತದ ತಾಯಿ’ ಎಂದು ಪ್ರತಿ ಮಾತಿಗೂ ಸೇರಿಸುವ ನೆಗೆಣ್ಣಿಯನ್ನು ಆ ಒಂದು ಮಾತಿನಿಂದಲೇ ಇಡೀ ಕುಟುಂಬ ಗುರುತು ಹಿಡಿಯುತ್ತದೆ. ಅದನ್ನು ತೆಗೆದು ಬೇರೊಂದು ಚಟ ಕೊಡಬೇಕು. ಚಂದದ ಮಾತು ಬಿಟ್ಟುಕೊಡಲು ಹೊಟ್ಟೆ ಉರಿಯುತ್ತದೆ, ಬಿಟ್ಟುಕೊಡಬೇಕು.

ಲೆಕ್ಕದ 15 ನಿಮಿಷದಲ್ಲಿ ಒಬ್ಬೊಬ್ಬರೂ ಮೂರು ಅಂಕಿ ಹೇಳುತ್ತೇವೆ: ಈ ತಿಂಗಳು ಬರೆದ ಪದ, ಕಳಿಸಿದ ಬರಹ, ಬಂದ ಉತ್ತರ ಅಥವಾ ಹಣ. ಸೊನ್ನೆ ಹೇಳಬಹುದು. ಸೊನ್ನೆಗೆ ಕಾರಣ ಕೇಳುವುದಿಲ್ಲ.

ಅಂಕಿ ಹೆಚ್ಚಿಸುವ ಉಪಾಯಗಳಲ್ಲಿ ಉಳಿದುಬಂದದ್ದು ಫೋನಿನಲ್ಲಿ ದನಿ ಮುದ್ರಿಸಿಕೊಳ್ಳುವುದು. ಕೈ ಕೆಲಸದಲ್ಲಿದ್ದಾಗ ಬಾಯಿ ಖಾಲಿ ಇರುತ್ತದೆ. ಆದರೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ದನಿಯನ್ನು ನುಂಗುತ್ತದೆ. ಫೋನನ್ನು ರೊಟ್ಟಿ ಬಡಿಯುವ ಕೊಮ್ಮಣಿಗೆಯ ಪಕ್ಕ ಇಡದೆ ಗೋಡೆಯಲ್ಲಿ ಎದೆಯೆತ್ತರಕ್ಕಿರುವ ಮಾಡಿನಲ್ಲಿ ಇಟ್ಟು, ಒಂದು ರೊಟ್ಟಿ ಹಂಚಿಗೆ ಹಾಕಿ ಇನ್ನೊಂದು ಮುದ್ದೆ ತಗೊಳ್ಳುವ ನಡುವೆ ಮಾತಾಡಬೇಕು. ಅಂದೇ ರಾತ್ರಿ ಕೇಳಿ ಬರೆದಿಡಬೇಕು, ನಾಲ್ಕು ದಿನ ಬಿಟ್ಟರೆ ನಮ್ಮದೇ ಮಾತು ನಮಗೆ ಅರ್ಥವಾಗುವುದಿಲ್ಲ. ಮಾತನ್ನು ತಾನೇ ಅಕ್ಷರ ಮಾಡುವ ಸೌಲಭ್ಯವನ್ನು ನಿರೂಪಣೆಗೆ ಬಳಸಬಹುದು, ಸಂಭಾಷಣೆಗೆ ಬೇಡ. ನಮ್ಮ ‘ಮಾಡ್ಲತ್ತಾಳ’ವನ್ನು (ಮಾಡುತ್ತಿದ್ದಾಳೆ) ಅದು ಪುಸ್ತಕದ ಕನ್ನಡಕ್ಕೆ ತಿರುಗಿಸುತ್ತದೆ, ಇಲ್ಲವೇ ಎರಡು ತುಂಡು ಮಾಡುತ್ತದೆ.

ಈ ‘ಮಾಡ್ಲತ್ತಾಳ’ದ ಮಾತು ಬಂದಿತಲ್ಲ, ಅದರ ಮೇಲೆ ನಮ್ಮ ಕೂಟದಲ್ಲಿ ಕಳೆದಷ್ಟು ಹೊತ್ತು ಬೇರೆ ಯಾವುದಕ್ಕೂ ಕಳೆದಿಲ್ಲ. ಕಥೆ ಅಚ್ಚಾಗಿ ಬಂದಾಗ ‘ಬರ್ಲತ್ತಾನ’ ಹೋಗಿ ‘ಬರಾಕತ್ತಾನ’ ಆಗಿರುತ್ತದೆ. ತಿದ್ದಿದವರಿಗೆ ಉತ್ತರ ಕರ್ನಾಟಕ ಎಂದರೆ ಧಾರವಾಡದ ಮಾತು ಒಂದೇ. ಕಲಬುರಗಿಯ ಅವ್ವ ಧಾರವಾಡದ ಮಾತಾಡಿದರೆ ಇಲ್ಲಿಯ ಓದುಗರಿಗೆ ಆಕೆ ಯಾರೋ ಬೇರೆಯವಳು. ಇದಕ್ಕೆ ಮದ್ದು ಕಥೆಯ ಜೊತೆ ಅರ್ಧ ಪುಟದ ಒಂದು ಚೀಟಿ. ಅದರಲ್ಲಿ ಹತ್ತು ಹನ್ನೆರಡು ರೂಪಗಳನ್ನು ಬರೆದು, ಎದುರಿಗೆ ಅರ್ಥ ಕೊಟ್ಟು, ‘ಇವು ಅಚ್ಚಿನ ತಪ್ಪಲ್ಲ, ದಯವಿಟ್ಟು ಹೀಗೇ ಇರಲಿ’ ಎಂದು ಕೇಳಿಕೊಳ್ಳಬೇಕು. ಚೀಟಿ ಇಟ್ಟ ಮೇಲೆ ನಮ್ಮ ಮಾತು ಹೆಚ್ಚುಪಾಲು ಉಳಿದುಬರುತ್ತಿದೆ. ಆದರೆ ಚೀಟಿಗೆ ಬೆಲೆ ಬರುವುದು ನಾವೂ ಒಂದೇ ರೀತಿ ಬರೆದಿದ್ದರೆ ಮಾತ್ರ. ಮೂರನೇ ಪುಟದಲ್ಲಿ ‘ಹೋಗ್ಯಾಳ’, ಐದನೇ ಪುಟದಲ್ಲಿ ‘ಹೋಗ್ಯಳ’ ಎಂದಿದ್ದರೆ ತಿದ್ದುವವರು ಎರಡನ್ನೂ ತಪ್ಪೆಂದೇ ತಿಳಿಯುತ್ತಾರೆ. ಬೀದರಿನ ಮಾತಿನಲ್ಲಿ ಉರ್ದು, ಮರಾಠಿ ಹೆಚ್ಚು, ಸೇಡಂ, ಯಾದಗಿರಿ ಕಡೆ ತೆಲುಗಿನ ಎಳೆ ಇದೆ. ಪಾತ್ರ ಯಾವ ತಾಲ್ಲೂಕಿನವಳು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ನೆಲದ ಮಾತನ್ನು ಹೊತ್ತುಕೊಂಡೇ. ಮಾತು ಬದಲಿಸಿಕೊಳ್ಳಲು ಯೋಚಿಸುವ ಹೊಸಬರಿಗೆ ಇದನ್ನು ತಪ್ಪದೆ ಹೇಳುತ್ತೇವೆ.

ಕಳಿಸುವ ಮುನ್ನ ಅಕ್ಷರದ ಒಂದು ತಪಾಸಣೆ ಆಗಬೇಕು. ಅನುಸ್ವಾರದ ‘ಂ’ ಇರಬೇಕಾದಲ್ಲಿ ಕನ್ನಡ ಅಂಕಿಯ ‘೦’ ಒತ್ತಿದರೆ ಕಣ್ಣಿಗೆ ಒಂದೇ ಥರ ಕಾಣುತ್ತದೆ, ಹುಡುಕಿದರೆ ಪದ ಸಿಗುವುದಿಲ್ಲ, ಬೇರೆ ಫಾಂಟಿಗೆ ಬದಲಿಸಿದಾಗ ಪದ ಒಡೆಯುತ್ತದೆ. ನುಡಿ ತಂತ್ರಾಂಶದ ಫಾಂಟಿನಿಂದ ಯೂನಿಕೋಡಿಗೆ, ಯೂನಿಕೋಡಿನಿಂದ ನುಡಿಗೆ ದಾಟಿಸಿದಾಗ ಅರ್ಕಾವೊತ್ತು, ಒತ್ತಕ್ಷರಗಳ ಮೇಲೆ ಕಣ್ಣಿಡಬೇಕು. ನಾವು ಟೈಪ್ ಮಾಡಿದ ಕಡತದ ಜೊತೆ ಪಿಡಿಎಫ್ ಕೂಡ ಕಳಿಸುತ್ತೇವೆ, ಗೊಂದಲವಾದರೆ ಮೂಲ ಹೇಗಿತ್ತೆಂದು ಅವರು ನೋಡಿಕೊಳ್ಳಲಿ ಎಂದು.

ಕಳಿಸಿದ್ದನ್ನೆಲ್ಲ ಉದ್ದನೆಯ ಒಂದು ವಹಿಯಲ್ಲಿ ಬರೆಯುತ್ತೇವೆ: ಹೆಸರು, ಪದ, ಎಲ್ಲಿಗೆ, ತಾರೀಖು, ಉತ್ತರ, ಸಂಭಾವನೆ, ಅದು ಕೈಸೇರಿದ ದಿನ. ಮೂರು ತಿಂಗಳು ಕಾಯುವುದು, ಒಂದು ನೆನಪೋಲೆ, ಇನ್ನೊಂದು ತಿಂಗಳು. ಆಮೇಲೆ ‘ಹಿಂತೆಗೆದುಕೊಂಡಿದ್ದೇನೆ’ ಎಂದು ಬರೆದು ತಿಳಿಸಿ ಬೇರೆಡೆ ಕಳಿಸುವುದು. ಒಂದೇ ಕಥೆಯನ್ನು ಒಮ್ಮೆಗೇ ಎರಡು ಕಡೆ ಕಳಿಸಿ ಎರಡರಲ್ಲೂ ಬಂದರೆ ಎರಡು ಬಾಗಿಲೂ ಮುಚ್ಚುತ್ತವೆ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಪ್ರಕಟಣೆ ನೋಡಿದ ಮೇಲೆ ಬರೆಯಲು ಕೂರಬಾರದು, ಶ್ರಾವಣಕ್ಕೂ ಮುಂಚೆ ಕಥೆ ಕೂಟದಲ್ಲಿ ಒಮ್ಮೆ ಓದಿಸಿಕೊಂಡು ಸಿದ್ಧವಿರಬೇಕು.

ಸಂಭಾವನೆ ಬಾರದಿರುವುದಕ್ಕೆ ಹೆಂಗಸರ ಮಟ್ಟಿಗೆ ದೊಡ್ಡ ಕಾರಣ ಹೆಸರು. ಬರೆಯುವುದು ತವರಿನ ಅಡ್ಡಹೆಸರಿನಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಗಂಡನ ಮನೆಯ ಹೆಸರು, ಆಧಾರ್‌ನಲ್ಲಿ ಮೂರನೆಯದು. ಕಾವ್ಯನಾಮಕ್ಕೆ ಬರೆದ ಚೆಕ್ ಜಮೆಯಾಗುವುದಿಲ್ಲ. ಪ್ರತಿ ಹಸ್ತಪ್ರತಿಯ ಕೊನೆಯಲ್ಲಿ ಅಚ್ಚಾಗಬೇಕಾದ ಹೆಸರು ಬೇರೆ, ಹಣ ಕಳಿಸಬೇಕಾದ ಹೆಸರು ಬೇರೆ ಎಂದು ಬಿಡಿಸಿ ಬರೆದು ಖಾತೆ ಸಂಖ್ಯೆ, ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ ಕೊಡಬೇಕು. ನಮ್ಮ ಭಾಗದಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಖಾತೆಗಳೇ ಹೆಚ್ಚಿದ್ದವು. ಅದು 2017ರಲ್ಲಿ ಎಸ್‌ಬಿಐನಲ್ಲಿ ವಿಲೀನವಾಯಿತು, ಹಳೆಯ ಪಾಸ್‌ಬುಕ್ ನೋಡಿ ಕೋಡ್ ಬರೆಯಬಾರದು. ಖಾತೆ ನಿಮ್ಮೊಬ್ಬರ ಹೆಸರಿನಲ್ಲಿರಲಿ. 600 ರೂಪಾಯಿಯೇ ಆಗಲಿ, ಬರೆದದ್ದಕ್ಕೆ ಬಂದ ಹಣ ತನ್ನ ಖಾತೆಯಲ್ಲಿ ಕಂಡ ದಿನ ಹೆಣ್ಣುಮಗಳು ಕೂತು ಬರೆಯುವ ರೀತಿಯೇ ಬೇರೆ.

ಪುಸ್ತಕದ ಹಂತಕ್ಕೆ ಬಂದಾಗ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿನ ಲೆಕ್ಕ ಗೊತ್ತಿರಬೇಕು. ಕಥೆ ಪುಸ್ತಕಗಳಿಗೆ ರೂಢಿಯಲ್ಲಿರುವ ಡೆಮಿ 1/8 ಅಳತೆಯಲ್ಲಿ 16 ಪುಟಕ್ಕೆ ಒಂದು ಫಾರಂ. ಪುಟಕ್ಕೆ 220 ಪದ ಹಿಡಿದರೆ 2,500 ಪದದ ಕಥೆ 11ರಿಂದ 12 ಪುಟ. ಹನ್ನೊಂದು ಪುಟದ 12 ಕಥೆಗೆ 132, ಮುನ್ನುಡಿ, ಪರಿವಿಡಿ ಸೇರಿ ಮೊದಲ ಪುಟಗಳು 8, ಒಟ್ಟು 140. ಒಂಬತ್ತು ಫಾರಂ ಎಂದರೆ 144, ಸರಿಹೋಯಿತು. ಅದೇ 147 ಆದರೆ ಮೂರು ಪುಟಕ್ಕಾಗಿ ಇನ್ನರ್ಧ ಫಾರಂ ಖರ್ಚು, ಆಗ ಮುನ್ನುಡಿ ಕತ್ತರಿಸುವುದೇ ವಾಸಿ. ಒಳಪುಟಕ್ಕೆ 70 ಜಿಎಸ್‌ಎಂ ತೂಕದ ಎನ್.ಎಸ್. (ತುಸು ಹಳದಿ ಬಣ್ಣದ) ಮ್ಯಾಪ್‌ಲಿಥೊ ಕಾಗದ ಸಾಕು. ಬೈಂಡಿಂಗ್ ಮಾತ್ರ ಹೊಲಿಗೆಯದು ಕೇಳಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ತಗಡಿನ ಮನೆಯಲ್ಲಿಟ್ಟ ಬರೀ ಅಂಟಿನ ಪುಸ್ತಕದ ಬೆನ್ನು ಬಿಡುತ್ತದೆ. ಮೊದಲ ಪುಸ್ತಕ 300 ಪ್ರತಿಗಿಂತ ಹೆಚ್ಚು ಬೇಡ. ಮಂಚದ ಕೆಳಗಿನ ಸಾವಿರ ಪ್ರತಿ ಗೆದ್ದಲಿಗೆ, ಜೊತೆಗೆ ಮನೆಯವರ ಮಾತಿಗೆ.

ಒಪ್ಪಂದವನ್ನು ಎಲ್ಲರೂ ಕೂತು ಓದುತ್ತೇವೆ, ಒಬ್ಬೊಬ್ಬರೇ ಸಹಿ ಮಾಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ನಮ್ಮ ಕಡೆಗಿದೆ. ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ. ಕೊಂಡವರು ಒಂದು ವರ್ಷದೊಳಗೆ ಹಕ್ಕು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಅದು ಬಿದ್ದುಹೋಗುತ್ತದೆ. ‘ಎಲ್ಲ ಹಕ್ಕುಗಳು ಪ್ರಕಾಶಕರವು’ ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಬೇಕು. ಅನುವಾದದ ಹಕ್ಕು ಲೇಖಕಿಯದೇ ಎಂದು ಬೇರೆ ಸಾಲಿನಲ್ಲಿ ಬರೆಸಬೇಕು. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಪಡೆದ ಮೇಲೆ ಇದರ ಮಹತ್ವವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದುಡ್ಡಿನಲ್ಲೇ ಅಚ್ಚು ಹಾಕಿಸಿದ ಪುಸ್ತಕದ ಹಕ್ಕಿನ ಪುಟದಲ್ಲಿ ಬೇರೆಯವರ ಹೆಸರು ಬಂದದ್ದನ್ನೂ ಕಂಡಿದ್ದೇವೆ, ಹಾಗಾಗಿ ಕೊನೆಯ ಕರಡಿನಲ್ಲಿ ಮೊದಲು ತೆರೆಯುವುದು ಆ ಪುಟವನ್ನೇ. ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕಿಯೇ ಅರ್ಜಿ ಹಾಕಬಹುದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ತಪ್ಪದೆ ಹಾಕಿ, ಆದರೆ ಆ ಹಣವನ್ನು ನಂಬಿ ಅಚ್ಚಿನವರಿಗೆ ಮಾತು ಕೊಡಬೇಡಿ.

ಮೂರು ತಿಂಗಳು ಸತತ ಸೊನ್ನೆ ಹೇಳಿದಾಕೆಗೆ ನಾಲ್ಕನೇ ತಿಂಗಳು ಗಟ್ಟಿಯಾಗಿ ಓದುವ ಕೆಲಸ ಕೊಡುತ್ತೇವೆ. ಬರೆಯಲಿಲ್ಲ ಎಂಬ ಸಂಕೋಚಕ್ಕೇ ಹೆಂಗಸರು ಕೂಟ ಬಿಡುವುದು, ಓದುವ ಕೆಲಸವಿದ್ದರೆ ಬರಲೇಬೇಕಾಗುತ್ತದೆ. ಕಥೆಯ ಪ್ರತಿಯನ್ನು ಆಕೆಗೆ ಐದು ದಿನ ಮೊದಲೇ ಕಳಿಸುತ್ತೇವೆ, ಮೊಬೈಲಿನಲ್ಲಲ್ಲ, ಕಾಗದದಲ್ಲಿ, ಒಂದು ಬದಿ ಮಾತ್ರ ಮುದ್ರಿಸಿ. ಇನ್ನೊಂದು ಬದಿ ಖಾಲಿ ಇರುತ್ತದೆ.